ಬಾಲಾನಗರದಲ್ಲಿ ಒಂದು ಜೋಲಿ ಹುಡುಕಿದ ಕತೆ

ಮೆಟ್ರೊ ಭರತ್ ನಗರ ಬಿಟ್ಟು ಎರ್ರಗಡ್ಡದ ಕಡೆ ಹೊರಟಿತ್ತು. ಮಹಿಳೆಯರ ಬೋಗಿಯಲ್ಲಿ ಎದುರಿಗೆ ಕೂತಿದ್ದ ಹೆಂಗಸೊಬ್ಬರು ಬಹಳ ಹೊತ್ತಿನಿಂದ ನನ್ನ ಎದೆಯ ಮೇಲಿದ್ದ ಚೀಲವನ್ನೇ ನೋಡುತ್ತಿದ್ದರು. ಚೀಲದೊಳಗೆ ಹತ್ತು ವಾರದ ನನ್ನ ಮಗಳಿದ್ದಳು. ಹಾಲು ಕುಡಿದು ಹಾಗೇ ನಿದ್ದೆ ಹೋಗಿದ್ದಾಳೆ ಎಂದುಕೊಂಡು ನಾನು ಮೊಬೈಲಿನಲ್ಲಿ ಆಫೀಸಿನ ಮೇಲ್ ನೋಡುತ್ತಿದ್ದೆ.

"ಅಮ್ಮಾ, ಪಾಪ ಮುಖಂ ಒಕಸಾರಿ ಚೂಡು" ಅಂದರು ಆಕೆ. ನಾನು ನಕ್ಕು, ಮಲಗಿದ್ದಾಳೆ ಅಂದೆ. ಆಕೆ ನಗಲಿಲ್ಲ. ಎದ್ದು ಬಂದು ತಾವೇ ಬಟ್ಟೆ ಸರಿಸಿದರು. ಮಗಳ ಗದ್ದ ಎದೆಗೆ ಒತ್ತಿಕೊಂಡಿತ್ತು. ಹಣೆ ತುಂಬಾ ಬೆವರು. ತುಟಿಯ ಬಣ್ಣ ಬೇರೆಯೇ ಆಗಿತ್ತು. ಎಳೆದು ಹೊರಗೆ ತೆಗೆದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಉಸಿರು ಎಳೆದುಕೊಂಡು, ಇಡೀ ಬೋಗಿ ತಿರುಗಿ ನೋಡುವಷ್ಟು ಜೋರಾಗಿ ಅತ್ತಳು. ಆ ಹೆಂಗಸು ತಮ್ಮ ನೀರಿನ ಬಾಟಲಿಯ ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟರು. ನನ್ನ ಕೈ ನಡುಗುತ್ತಿದ್ದುದು ನನಗಿಂತ ಮೊದಲು ಅವರಿಗೆ ಕಂಡಿತ್ತು.

ಅವತ್ತು ನಾವು ಹೊರಟಿದ್ದು ಹತ್ತನೇ ವಾರದ ಲಸಿಕೆಗೆ. ಅಮೀರ್‌ಪೇಟೆಯ ಮಕ್ಕಳ ಡಾಕ್ಟರಮ್ಮನ ಮುಂದೆ ನಡೆದದ್ದನ್ನು ಹೇಳುವಾಗ ಅಳು ಬಂತು. ಅವರು ಮಗುವನ್ನು ಪೂರ್ತಿ ಪರೀಕ್ಷೆ ಮಾಡಿ, ಏನೂ ತೊಂದರೆಯಿಲ್ಲ ಎಂದು ಹೇಳಿದ ಮೇಲೆ ನನ್ನ ಚೀಲವನ್ನು ಟೇಬಲ್ ಮೇಲಿಟ್ಟು ಪಾಠ ಮಾಡಿದರು. ನಾಲ್ಕು ತಿಂಗಳೊಳಗಿನ ಮಗುವಿನ ಕತ್ತಿಗೆ ಶಕ್ತಿ ಇರುವುದಿಲ್ಲ, ತಲೆ ಮಾತ್ರ ಭಾರ. ಆಳವಾದ ಚೀಲದಲ್ಲಿ ಅದು ಮುದುಡಿಕೊಂಡಾಗ ಗದ್ದ ಎದೆಗೆ ತಗಲುತ್ತದೆ, ಎಳೆಯ ಶ್ವಾಸನಾಳ ಬಾಗಿ ಕಿರಿದಾಗುತ್ತದೆ. ಉಸಿರು ಸಾಲದ ಮಗು ಅಳುವುದಿಲ್ಲ, ಸುಮ್ಮನಾಗುತ್ತದೆ. ತಾಯಿ ಅದನ್ನು ನಿದ್ದೆ ಅಂದುಕೊಳ್ಳುತ್ತಾಳೆ. ನಾನು ಅಂದುಕೊಂಡ ಹಾಗೆಯೇ.

ಮನೆಗೆ ಬಂದು ರಾತ್ರಿ ಓದುತ್ತ ಕೂತೆ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ 2010ರ ಮಾರ್ಚ್‌ನಲ್ಲೇ ಎಚ್ಚರಿಕೆ ಕೊಟ್ಟಿತ್ತು: ಅದಕ್ಕೂ ಹಿಂದಿನ 20 ವರ್ಷಗಳಲ್ಲಿ ಸ್ಲಿಂಗ್‌ಗಳಿಗೆ ಸಂಬಂಧಿಸಿದ 14 ಸಾವುಗಳು ಗೊತ್ತಾಗಿದ್ದವು, ಅದರಲ್ಲಿ 12 ನಾಲ್ಕು ತಿಂಗಳೊಳಗಿನ ಮಕ್ಕಳು. ನಾನು ಕೊಂಡದ್ದು ಸರಿಯಾಗಿ ಆ ಎಚ್ಚರಿಕೆಯಲ್ಲಿ ಹೇಳಿದ ಆಕಾರದ ಚೀಲ. ಆನ್‌ಲೈನಿನಲ್ಲಿ ನಕ್ಷತ್ರ ನೋಡಿ, ಚಿತ್ರದಲ್ಲಿದ್ದ ತಾಯಿಯ ನಗು ನೋಡಿ, ಏಳುನೂರು ರೂಪಾಯಿಗೆ ತರಿಸಿಕೊಂಡಿದ್ದೆ. ಹೆಸರಾಂತ ಕಂಪನಿಯದೇನಲ್ಲ. ಆದರೆ ಓದಿದ ಇಂಜಿನಿಯರ್ ನಾನು, ನನ್ನ ಕೆಲಸವೇ ಒಂದು ವಸ್ತುವಿನ ಮೇಲೆ ಎಲ್ಲಿ ಎಷ್ಟು ಭಾರ ಬೀಳುತ್ತದೆ ಎಂದು ಲೆಕ್ಕ ಹಾಕುವುದು.

ನಾನು ಸೇಡಂ ಕಡೆಯವಳು. ಬಾಲಾನಗರಕ್ಕೆ ಬಂದು ಎಂಟು ವರ್ಷವಾಯಿತು. ಈ ಊರು ಗೊತ್ತಿಲ್ಲದವರಿಗೆ ಹೇಳುವುದಾದರೆ, ಹೈದರಾಬಾದಿನ ಹಳೆಯ ಕೈಗಾರಿಕಾ ಪ್ರದೇಶ. ಎಚ್‌ಎಎಲ್ ಇದೆ, ದೂರಸಂವೇದಿ ಕೇಂದ್ರ ಇದೆ, ಟೂಲ್ ಡಿಸೈನ್ ಕಲಿಸುವ ಕೇಂದ್ರ ಸರ್ಕಾರದ ಸಂಸ್ಥೆ ಇದೆ, ಅವುಗಳ ನಡುವೆ ಗಲ್ಲಿ ಗಲ್ಲಿಯಲ್ಲಿ ಲೇತ್ ಮೆಷಿನ್ನುಗಳು. ನರ್ಸಾಪುರ ಚೌರಸ್ತಾದ ಮೇಲೆ 2021ರಲ್ಲಿ ಫ್ಲೈಓವರ್ ಆದ ಮೇಲೆ ವಾಹನಗಳಿಗೆ ಸುಲಭವಾಯಿತು. ಕಾಲ್ನಡಿಗೆಯವರಿಗೆ ಆಗಿದೆ ಎಂದು ನಾನು ಹೇಳಲಾರೆ. ಇಲ್ಲಿ ಮಗುವಿನ ತಳ್ಳುಗಾಡಿ ತೆಗೆದುಕೊಂಡು ಹೊರಡುವುದು ಎಂದರೆ ಫುಟ್‌ಪಾತಿನ ಬೈಕುಗಳ ನಡುವೆ ಅದನ್ನು ಎತ್ತಿಕೊಂಡೇ ನಡೆಯುವುದು. ಗಂಡನಿಗೆ ಔಷಧ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಬಾಣಂತನಕ್ಕೆ ಬಂದಿದ್ದ ಅವ್ವ ಎರಡು ತಿಂಗಳು ಇದ್ದು, ತೊಗರಿ ರಾಶಿಯ ಹೊತ್ತಿಗೆ ಊರಿಗೆ ಹೋಗಿದ್ದಳು. ಮಗಳು ಬಾಟಲಿಯ ನಿಪ್ಪಲ್ಲು ಬಾಯಿಗಿಟ್ಟರೆ ನಾಲಿಗೆಯಿಂದ ಹೊರಗೆ ತಳ್ಳುತ್ತಿದ್ದಳು. ಹಾಗಾಗಿ ಜೋಲಿ ನನಗೆ ಶೋಕಿಯಾಗಿರಲಿಲ್ಲ.

ಮೆಟ್ರೊದ ಸಂಗತಿಯನ್ನು ಅವ್ವನಿಗೆ ಫೋನಿನಲ್ಲಿ ಅರ್ಧ ಮುಚ್ಚಿಟ್ಟು ಹೇಳಿದೆ. ಅಷ್ಟಕ್ಕೇ ಬೈದಳು. "ಚೀಲದಾಗ ಯಾರರ ಕೂಸ್ ಹಾಕ್ತಾರೇನ್ ಯವ್ವಾ? ಚೀಲದಾಗ ಜ್ವಾಳ ಹಾಕ್ತಾರ." ಆಮೇಲೆ ಸ್ವಲ್ಪ ತಣ್ಣಗಾಗಿ, ತಾನು ನನ್ನನ್ನು ಹೊಲಕ್ಕೆ ಒಯ್ಯುತ್ತಿದ್ದ ರೀತಿ ಹೇಳಿದಳು. "ಸೆರಗ ಬಿಗದ್ ಕಟ್ಟಿದ್ರ ನಿನ್ ತಲಿ ನನ್ ಗದ್ದಕ್ ತಗಲ್ತಿತ್ತು. ಬಗ್ಗಿದ್ರ ಮುತ್ತು ಕೊಡಂಗ ಇರಬೇಕು, ಅಷ್ಟ್ ಮ್ಯಾಲ. ಹಾಲ ಕುಡಸಾಗ ಸಡ್ಲ ಮಾಡ್ತಿದ್ದೆ, ಕುಡದಿಂದ ಮತ್ತ ಎಳದು ಕಟ್ತಿದ್ದೆ. ಮಲಗಿದ್ರ ಬೇವಿನ ಗಿಡಕ್ಕ ಜೋಲಿ."

ಬ್ರಿಟನ್ನಿನ ಸ್ಲಿಂಗ್ ತಯಾರಕರ ಒಕ್ಕೂಟ ತಾಯಂದಿರಿಗಾಗಿ ಐದು ಸೂತ್ರ ಮಾಡಿದೆ. ಜೋಲಿ ಬಿಗಿಯಾಗಿರಲಿ, ಮಗುವಿನ ಮುಖ ಸದಾ ಕಣ್ಣಿಗೆ ಕಾಣಲಿ, ಬಗ್ಗಿದರೆ ನೆತ್ತಿಗೆ ಮುತ್ತು ಕೊಡುವಷ್ಟು ಹತ್ತಿರವಿರಲಿ, ಗದ್ದ ಎದೆಗೆ ಒತ್ತದಿರಲಿ, ಬೆನ್ನಿಗೆ ಆಸರೆ ಇರಲಿ. ಗದ್ದ ಮತ್ತು ಎದೆಯ ನಡುವೆ ಒಂದು ಬೆರಳು ಹಿಡಿಸುವಷ್ಟಾದರೂ ಜಾಗ ಬೇಕು. ಇದನ್ನು ಓದಿದಾಗ ಅವ್ವನ ಮಾತಿನ ಮುತ್ತು ನೆನಪಾಯಿತು. ಅವ್ವನ ಕಾಲದ್ದೆಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. ಹುಟ್ಟಿದ ಕೂಸಿಗೆ ಸಕ್ಕರೆ ನೀರು ನೆಕ್ಕಿಸಬೇಕೆಂದು ಹಟ ಹಿಡಿದವಳೂ ಅವಳೇ.

ಮೊದಲು ನಾನೇ ಹೊಲಿದುಕೊಳ್ಳೋಣ ಅನ್ನಿಸಿತು. ಅವ್ವ ಬಿಟ್ಟು ಹೋಗಿದ್ದ ಮೆತ್ತನೆಯ ಹತ್ತಿ ಸೀರೆಯಿತ್ತು. ನಮ್ಮ ಗಲ್ಲಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡು ಕಬ್ಬಿಣದ ಬಳೆ ತಂದೆ. ರಿಂಗ್ ಸ್ಲಿಂಗ್ ಎಂದರೆ ಅಷ್ಟೇ: ಸುಮಾರು ಎರಡು ಮೀಟರ್ ಉದ್ದದ ಬಟ್ಟೆಯ ಒಂದು ತುದಿಗೆ ಎರಡು ಬಳೆ ಹೊಲಿದಿರುತ್ತಾರೆ, ಇನ್ನೊಂದು ತುದಿಯನ್ನು ಅವುಗಳೊಳಗೆ ತೂರಿಸಿ ಎಳೆದರೆ ಬಿಗಿಯಾಗುತ್ತದೆ. ಹವಾಯಿಯಲ್ಲಿ 1981ರಲ್ಲಿ ರೇನರ್ ಗಾರ್ನರ್ ಎಂಬುವರು ಹೆಂಡತಿಗಾಗಿ ಮಾಡಿಕೊಟ್ಟದ್ದರಿಂದ ಈ ಬಳೆ ಜೋಲಿ ಶುರುವಾಯಿತು. ನಾನು ಹೊಲಿದ ಜೋಲಿಯಲ್ಲಿ ಮಗುವಿನ ಬದಲು ಹತ್ತು ಕೆಜಿ ಅಕ್ಕಿ ಚೀಲ ಇಟ್ಟು ಬಾಗಿಲ ಮೇಲಿನ ಕೊಕ್ಕೆಗೆ ತೂಗು ಹಾಕಿ, ಆಗಾಗ ಜಗ್ಗುತ್ತ ಇದ್ದೆ. ಎರಡನೇ ದಿನ ಬಳೆಯ ಬೆಸುಗೆ ಬಾಯಿ ಬಿಟ್ಟಿತು. ಮನೆ ತುಂಬ ಸೋನಾ ಮಸೂರಿ. ರಾತ್ರಿ ಪಾಳಿ ಮುಗಿಸಿ ಬಂದ ಗಂಡ ಬಾಗಿಲಲ್ಲೇ ನಿಂತು, "ಇನ್ನೂ ಏನೇನ್ ಟೆಸ್ಟ್ ಮಾಡೂದು ಅದ?" ಅಂದ.

ಹಾಗಾಗಿ ಮೊದಲು ಬಳೆ ನೋಡಿ ಎನ್ನುತ್ತೇನೆ. ಒಳ್ಳೆಯ ರಿಂಗ್ ಸ್ಲಿಂಗ್‌ನ ಬಳೆಗೆ ಬೆಸುಗೆಯ ಗೆರೆಯೇ ಇರುವುದಿಲ್ಲ. ಒಂದೇ ಎರಕದ ಅಲ್ಯೂಮಿನಿಯಂ ಅಥವಾ ಗಟ್ಟಿ ನೈಲಾನ್, ಮಗುವಿನ ಭಾರಕ್ಕೆ ಪರೀಕ್ಷೆ ಮಾಡಿದ್ದು. ಉಗುರಿನಿಂದ ಸುತ್ತ ಸವರಿ ನೋಡಿ, ಎಲ್ಲಿಯೂ ಉಬ್ಬು, ಚೂಪು ಸಿಗಬಾರದು. ಹೆಗಲ ಬಳಿ ಬಟ್ಟೆ ಮಡಿಚಿ ಹೊಲಿದ ಕಡೆ ಎರಡು ಮೂರು ಸಾಲು ಹೊಲಿಗೆ ಇರಬೇಕು. ಅಕ್ಕನದೋ ಗೆಳತಿಯದೋ ಹಳೆಯ ಜೋಲಿ ತೆಗೆದುಕೊಂಡರೂ ಇದನ್ನೇ ನೋಡಿ. ನಮ್ಮ ದೇಶದಲ್ಲೇ ಸೋಲ್, ಅನ್ಮೋಲ್, ಕೋಲ್ ಕೋಲ್ ಮುಂತಾದವರು ಮಾಡುತ್ತಾರೆ. ನನ್ನದಕ್ಕೆ ಎರಡೂವರೆ ಸಾವಿರ ರೂಪಾಯಿ ಆಯಿತು. ಆಗ ಜಾಸ್ತಿ ಅನ್ನಿಸಿತ್ತು.

ಉಳಿದ ಬಗೆಗಳನ್ನೂ ತಂದು, ಕೇಳಿ, ಕಟ್ಟಿ ನೋಡಿದೆ. ನಾಲ್ಕೈದು ಮೀಟರ್ ಉದ್ದದ ಹಿಗ್ಗುವ ಬಟ್ಟೆಯ ರ‍್ಯಾಪ್ ಬಾಣಂತನದಲ್ಲಿ ಮನೆಯೊಳಗೆ ಹಿತ. ಆದರೆ ಮೈಗೆ ಮೂರು ಪದರ ಸುತ್ತುತ್ತದೆ, ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ನಮ್ಮ ಊರುಗಳಿಗೆ ಆಗದು. ಹಾಲುಣಿಸಬೇಕೆಂದರೆ ಹೆಚ್ಚುಕಡಿಮೆ ಪೂರ್ತಿ ಬಿಚ್ಚಿ ಕಟ್ಟಬೇಕು, ಅದರ ತುದಿ ಸ್ಟೇಷನ್ನಿನ ನೆಲ ಗುಡಿಸುತ್ತದೆ. ಬಕಲ್ ಹಾಕುವ ಕ್ಯಾರಿಯರ್ ಎರಡೂ ಹೆಗಲಿಗೆ ಮತ್ತು ಸೊಂಟಕ್ಕೆ ಭಾರ ಹಂಚುತ್ತದೆ, ಅದು ದೊಡ್ಡ ಅನುಕೂಲ. ನನ್ನದು ಸಿಸೇರಿಯನ್, ಅದರ ಸೊಂಟಪಟ್ಟಿ ಸರಿಯಾಗಿ ಹೊಲಿಗೆಯ ಮೇಲೆ ಕೂರುತ್ತಿತ್ತು. ಇನ್ನು ಕಾಲುಗಳು ತೂಗಾಡುವ, ಮಗುವಿನ ಮುಖ ಹೊರಗೆ ಮಾಡಿ ಕೂರಿಸುವ ಅಗ್ಗದ ಕ್ಯಾರಿಯರ್‌ಗಳು. ಅವುಗಳಲ್ಲಿ ತಳದ ಬಟ್ಟೆ ಅಂಗೈ ಅಗಲ ಮಾತ್ರ. ಮಗುವಿನ ತೊಡೆ ಒಂದು ಮೊಣಕಾಲಿನ ಹಿಂದಿನಿಂದ ಇನ್ನೊಂದರವರೆಗೆ ಬಟ್ಟೆಯ ಮೇಲಿರಬೇಕು, ಮೊಣಕಾಲು ಕುಂಡಿಗಿಂತ ಮೇಲಿರಬೇಕು. ಸೊಂಟದ ಕೀಲಿಗೆ ಅದೇ ಒಳ್ಳೆಯದು ಎಂದು ಆ ವಿಷಯದ ತಜ್ಞರು ಹೇಳುತ್ತಾರೆ. ನಮ್ಮ ಕಡೆ ಹೆಂಗಸರು ಕೂಸನ್ನು ಬಗಲಿಗೆ ಏರಿಸುವುದೇ ಹಾಗೆ. ಅದಿರಲಿ, ಮುಖ ಹೊರಗಿದ್ದರೆ ಹಾಲು ಕುಡಿಸುವುದು ಹೇಗೆ?

ಹಾಲುಣಿಸುವುದಕ್ಕೆ ರಿಂಗ್ ಸ್ಲಿಂಗ್ ಅನುಕೂಲ ಏಕೆಂದರೆ ಎತ್ತರವನ್ನು ಒಂದೇ ಕೈಯಲ್ಲಿ ಬದಲಿಸಬಹುದು. ಮಗುವನ್ನು ನೆಟ್ಟಗೆ, ಹೊಟ್ಟೆಗೆ ಹೊಟ್ಟೆ ತಾಗುವಂತೆ ಕೂರಿಸಿಕೊಳ್ಳುತ್ತೇನೆ. ಒಂದು ಕೈ ಅದರ ಕುಂಡಿಯ ಕೆಳಗೆ, ಪೂರ್ತಿ ಭಾರ ಆ ಕೈಯ ಮೇಲೆ. ಇನ್ನೊಂದು ಕೈಯಿಂದ ಮೇಲಿನ ಬಳೆಯನ್ನು ಸ್ವಲ್ಪ ಎತ್ತಿದರೆ ಬಟ್ಟೆ ಸಡಿಲಾಗುತ್ತದೆ. ಮೂಗು ಮೊಲೆತೊಟ್ಟಿನ ಮಟ್ಟಕ್ಕೆ ಬರುವಷ್ಟು, ಎರಡು ಮೂರು ಇಂಚು ಮಾತ್ರ, ಕೆಳಗಿಳಿಸಿ ಬಾಲ ಎಳೆದು ಬಿಗಿ ಮಾಡಬೇಕು. ಬಾಯಿ ಹಚ್ಚಿದ ಮೇಲೂ ಕೈ ತೆಗೆಯಬಾರದು. ಮೂಗಿನ ಹೊಳ್ಳೆಗಳು ಎರಡೂ ಕಾಣುತ್ತಿರಬೇಕು. ತೊಟ್ಟಿಲಿನಂತೆ ಅಡ್ಡ ಮಲಗಿಸಿ ಕುಡಿಸುವ ಚಿತ್ರಗಳನ್ನು ಜಾಹೀರಾತಿನಲ್ಲಿ ಹಾಕುತ್ತಾರೆ, ಚೆನ್ನಾಗಿಯೂ ಕಾಣುತ್ತದೆ. ಬಟ್ಟೆಯೊಳಗೆ ಮಗು ಅಡ್ಡ ಜಾರಿ ಮುಖ ಎದೆಗೆ ಒತ್ತುವುದು, ಗದ್ದ ಮುದುಡುವುದು ಆ ಭಂಗಿಯಲ್ಲೇ ಹೆಚ್ಚು. ನನಗೆ ಅದರ ಧೈರ್ಯ ಮತ್ತೆ ಬರಲೇ ಇಲ್ಲ.

ಕುಡಿದು ಮುಗಿದದ್ದೇ ಮೊದಲಿನ ಎತ್ತರಕ್ಕೆ ಎಳೆದು ಕಟ್ಟಿಬಿಡಬೇಕು. ಹಾಲು ಕುಡಿದ ಜಾಗದಲ್ಲೇ ಮಲಗಲು ಬಿಟ್ಟದ್ದು ನಾನು ಮಾಡಿದ ತಪ್ಪು. ಅವ್ವ ಹೇಳಿದ್ದರಲ್ಲಿ "ಕುಡದಿಂದ ಮತ್ತ ಎಳದು ಕಟ್ತಿದ್ದೆ" ಎಂಬ ಮಾತನ್ನು ನಾನು ಮೊದಲು ಗಮನಿಸಿರಲೇ ಇಲ್ಲ.

ಇದೆಲ್ಲ ಎರಡು ದಿನದಲ್ಲಿ ಬರುವ ವಿದ್ಯೆಯಲ್ಲ. ಎರಡು ವಾರ ಮನೆಯಲ್ಲೇ, ಕನ್ನಡಿ ಮುಂದೆ, ಮಂಚದ ಪಕ್ಕ ನಿಂತು ಕಲಿತೆ. ಮಗು ಎದೆ ಹಿಡಿಯುವುದು ಸರಿಯಾಗಿ ಕಲಿಯುವ ಮೊದಲು ಜೋಲಿಯಲ್ಲಿ ಕುಡಿಸಲು ಹೋಗಬೇಡಿ. ತಿಂಗಳು ತುಂಬದೆ ಹುಟ್ಟಿದ, ತೂಕ ಕಡಿಮೆಯಿರುವ ಮಗುವಾದರೆ ಡಾಕ್ಟರನ್ನು ಕೇಳದೆ ಬೇಡ. ಹಾಗೆಂದು ಮಗುವನ್ನು ಎದೆಗೆ ಕಟ್ಟಿಕೊಳ್ಳುವುದೇ ಅಪಾಯ ಎಂದು ಯಾರೂ ಹೆದರಬೇಕಿಲ್ಲ. ಕೊಲಂಬಿಯಾದ ಬೊಗೊಟಾದಲ್ಲಿ 1978ರಲ್ಲಿ ಶುರುವಾದ ಕಾಂಗರೂ ಆರೈಕೆಯಲ್ಲಿ ಕಡಿಮೆ ತೂಕದ ಕೂಸುಗಳನ್ನು ತಾಯಿಯ ಬರಿ ಎದೆಗೆ ಕಟ್ಟಿಯೇ ಉಳಿಸುತ್ತಾರೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಅದನ್ನು ಸರ್ಕಾರಿ ಆಸ್ಪತ್ರೆಗಳಿಂದ ಮನೆಗಳವರೆಗೆ ಒಯ್ದರು. ಅಲ್ಲಿಯೂ ಮೊದಲ ಪಾಠ ಕತ್ತು ನೆಟ್ಟಗಿರಲಿ, ಮೂಗು ತೆರೆದಿರಲಿ ಎಂಬುದೇ.

ಬಟ್ಟೆಗಳ ಮಾತು ಬಂದಾಗ ಇನ್ನೊಂದು. ಜೋಲಿಗೆ ತಕ್ಕ ಉಡುಪು ನಿಮ್ಮದೂ ಇರಬೇಕು. ಮುಂದೆ ಗುಂಡಿಯಿರುವ ಸಡಿಲ ಕುರ್ತಾ ಸಾಕು, ಹಾಲುಣಿಸುವವರಿಗೆಂದೇ ಮಾರುವ ದುಬಾರಿ ಟಾಪ್ ನಾನು ಒಂದೂ ಕೊಳ್ಳಲಿಲ್ಲ. ಜೋಲಿಯ ಬಾಲವನ್ನೇ ಹೆಗಲ ಮೇಲೆ ಹರಡಿದರೆ ಮರೆಯಾಗುತ್ತದೆ, ಮಗುವಿನ ಮುಖದ ಮೇಲೆ ಮಾತ್ರ ಬೇಡ. ಬೇಸಿಗೆಯಲ್ಲಿ ಕೈಮಗ್ಗದ ತೆಳು ಹತ್ತಿ, ಮಗುವಿಗೆ ಒಂದು ಜಬಲಾ, ಅಷ್ಟೇ. ಸೆಕೆಗೆ ನೀರು ಕುಡಿಸು ಎಂದು ಕೆಳಗಿನ ಮನೆಯ ಪಿನ್ನಿ ಬಹಳ ಹೇಳಿದರು. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ನೀರೂ ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನೀರು ನಾನು ಕುಡಿಯುತ್ತಿದ್ದೆ, ಮಗಳು ನನ್ನಿಂದ ಮೇಲಿಂದ ಮೇಲೆ ಹಾಲು ಕುಡಿಯುತ್ತಿದ್ದಳು.

26 ವಾರದ ರಜೆ ಮೇ ತಿಂಗಳ ಮೊದಲ ವಾರಕ್ಕೆ ಮುಗಿಯಿತು. ಆಗ 2017ರ ತಿದ್ದುಪಡಿಯ ಪ್ರಕಾರ 50 ಜನರಿರುವ ಕಂಪನಿಯಲ್ಲಿ ಶಿಶುಪಾಲನಾ ಕೇಂದ್ರ ಇರಬೇಕಿತ್ತು. ನಮ್ಮದರಲ್ಲಿ ಇದ್ದವರು ಮೂವತ್ತೆಂಟು. ಆದರೆ 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ ಇನ್ನೊಂದು ಕಲಮಿತ್ತು, 11ನೆಯದು: ಮಗುವಿಗೆ 15 ತಿಂಗಳಾಗುವವರೆಗೆ, ಊಟದ ಬಿಡುವಲ್ಲದೆ, ದಿನಕ್ಕೆ ಎರಡು ಬಾರಿ ಹಾಲುಣಿಸಲು ಬಿಡುವು. ನಾನು ಕೇಳಿದಾಗ ನಮ್ಮ ಮ್ಯಾನೇಜರು, ಎರಡು ಸಲ ಟೀ ಬ್ರೇಕ್ ಇದೆಯಲ್ಲ ಅಂದರು. ಕಾಯ್ದೆಯ ಆ ಪುಟ ಮುದ್ರಿಸಿ ಮೇಜಿನ ಮೇಲಿಟ್ಟೆ. ಅವರು ಕೆಟ್ಟವರಲ್ಲ, ಅಂಥದೊಂದು ಇದೆಯೆಂದು ಗೊತ್ತಿರಲಿಲ್ಲ. ನನಗೂ ಗೊತ್ತಾಗಿದ್ದು ಆ ವಾರವೇ.

ಬೆಳಿಗ್ಗೆ ಹನ್ನೊಂದಕ್ಕೂ ಸಂಜೆ ನಾಲ್ಕಕ್ಕೂ ಪಿನ್ನಿ ಮಗಳನ್ನು ಗೇಟಿಗೆ ತರುತ್ತಿದ್ದರು. ನಮ್ಮಲ್ಲಿ ಮಗುವನ್ನು ಕೆಳಗಿಡುವಂಥ ಜಾಗವೇ ಇಲ್ಲ. ಎಲ್ಲೆಡೆ ಲೋಹದ ಚೂರು, ಕೂಲಂಟ್ ಎಣ್ಣೆಯ ವಾಸನೆ. ಗೇಟಿನಲ್ಲೇ ಜೋಲಿಗೆ ಹಾಕಿಕೊಂಡು, ಶಾಪ್ ಫ್ಲೋರಿನ ಕಡೆ ಹೋಗದೆ, ಮುಂದಿನ ಮೆಟ್ಟಿಲು ಹತ್ತಿ ಮೀಟಿಂಗ್ ರೂಮಿಗೆ ಹೋಗಿ ಕೂತು ಕುಡಿಸುತ್ತಿದ್ದೆ. ಕೂತು ಎಂಬುದನ್ನು ಒತ್ತಿ ಹೇಳುತ್ತೇನೆ. ಮಾರುಕಟ್ಟೆಯಲ್ಲಿ ತರಕಾರಿ ಆರಿಸುತ್ತ, ಎಸ್ಕಲೇಟರ್ ಇಳಿಯುತ್ತ ಹಾಲುಣಿಸುವ ತಾಯಂದಿರ ವಿಡಿಯೊ ನೋಡಿದ್ದೇನೆ. ಅವರಿಗೆ ನಮಸ್ಕಾರ. ನನಗೆ ಜೋಲಿ ಬೇಕಿದ್ದದ್ದು ಸಿಕ್ಕ ಕುರ್ಚಿಯಲ್ಲಿ, ಸಿಕ್ಕ ಮರೆಯಲ್ಲಿ ಕೂತು, ಕೈ ಸೋಲದೆ ಹದಿನೈದು ನಿಮಿಷ ಕುಡಿಸಿ, ಎದ್ದು ನಡೆಯುವುದಕ್ಕೆ.

ಮರೆ ಏಕೆ ಬೇಕು ಎಂಬ ಪ್ರಶ್ನೆ ನನಗೂ ಇತ್ತು. ನಮ್ಮದೇ ಹೈಕೋರ್ಟಿನಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ಹುಸ್ನಾ ಬಾನು ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ದೀಕ್ಷಿತ್, ಎದೆಹಾಲುಣಿಸುವುದು ಸಂವಿಧಾನದ 21ನೇ ವಿಧಿಯಡಿ ತಾಯಿಯ ಹಕ್ಕು ಎಂದರು. ಸಾರ್ವಜನಿಕ ಜಾಗಗಳಲ್ಲಿ ಹಾಲುಣಿಸುವ ಕೊಠಡಿ ಬೇಕೆಂಬ ಅರ್ಜಿಯ ಮೇಲೆ 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಪೀಠದಲ್ಲಿದ್ದವರು ನಮ್ಮ ಬಿ.ವಿ. ನಾಗರತ್ನ ಮತ್ತು ಪ್ರಸನ್ನ ವರಾಳೆ. ಅಷ್ಟರಲ್ಲಿ ನನ್ನ ಮಗಳು ಚಪಾತಿ ತಿನ್ನುತ್ತಿದ್ದಳು.

ಗಂಡನೊಡನೆ ನನಗೆ ಜಗಳವಾದದ್ದು ಒಂದೇ ವಿಷಯಕ್ಕೆ. ಜೋಲಿ ಇದೆಯಲ್ಲ, ಕಟ್ಟಿಕೊಂಡು ಸ್ಕೂಟರಿನ ಹಿಂದೆ ಕೂರು, ಐದು ನಿಮಿಷದ ದಾರಿ ಎನ್ನುತ್ತಿದ್ದ. ಹೈದರಾಬಾದಿನ ರಸ್ತೆಯಲ್ಲಿ ಹಾಗೆ ಹೋಗುವವರನ್ನು ದಿನವೂ ನೋಡುತ್ತೇನೆ. ಜೋಲಿ ಮಾಡಿರುವುದು ನಡೆಯುವವರಿಗೆ. ಬಿದ್ದರೆ ನನ್ನ ಮೈಭಾರವೆಲ್ಲ ಮಗುವಿನ ಮೇಲೆ. 2022ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮದಲ್ಲಿ ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೆ ದ್ವಿಚಕ್ರ ವಾಹನದಲ್ಲಿ ಹೆಲ್ಮೆಟ್, ಸುರಕ್ಷತಾ ಬೆಲ್ಟು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎಂದಿದೆ. ಜೋಲಿ ಆ ಬೆಲ್ಟಲ್ಲ. ಕಾರಿನಲ್ಲೂ ಜೋಲಿಯ ಮಗು ನಮ್ಮ ಎದೆ ಮತ್ತು ಮುಂದಿನ ಸೀಟಿನ ನಡುವೆ ಸಿಕ್ಕಿಕೊಳ್ಳುತ್ತದೆ. ಒಲೆಯ ಮುಂದೆ, ಬಿಸಿ ಚಹಾ ಹಿಡಿದಾಗ ಕೂಡ ಬೇಡ. ಗಂಡ ಒಂದು ವಾರ ಮುಖ ಊದಿಸಿಕೊಂಡಿದ್ದ. ನಾವು ಮೆಟ್ರೊದಲ್ಲೇ ಓಡಾಡಿದೆವು.

ಎಂಟು ಕೆಜಿ ದಾಟಿದ ಮೇಲೆ ಒಂದೇ ಹೆಗಲಿಗೆ ಭಾರ ಹೆಚ್ಚಾಯಿತು. ಆಗ ಬಕಲ್ ಕ್ಯಾರಿಯರ್ ತೆಗೆದುಕೊಂಡೆ. ಸೊಂಟಪಟ್ಟಿಯನ್ನು ಸ್ವಲ್ಪ ಕೆಳಗೆ ಕಟ್ಟಿ, ಹೆಗಲ ಪಟ್ಟಿ ಸಡಿಲಿಸಿದರೆ ಅದರಲ್ಲೂ ಕುಡಿಸಬಹುದು. ಆದರೂ ಚೀಲದಲ್ಲಿ ಬಳೆ ಜೋಲಿ ಇದ್ದೇ ಇರುತ್ತಿತ್ತು. ಹಾಸಲೂ ಅದೇ, ಹೊದೆಸಲೂ ಅದೇ.

ಆ ವರ್ಷ ದಸರೆಗೆ ಬೇಗಂಪೇಟೆಯಲ್ಲಿ ಹುಸೇನ್‌ಸಾಗರ ಎಕ್ಸ್‌ಪ್ರೆಸ್ ಹತ್ತಿ ಕಲಬುರಗಿಗೆ ಹೋದೆ, ಒಬ್ಬಳೇ, ಮಗಳೊಂದಿಗೆ. ತಾಂಡೂರು ದಾಟುವ ಹೊತ್ತಿಗೆ ಅವಳಿಗೆ ಹಸಿವು. ಕಿಟಕಿ ಪಕ್ಕ ತಿರುಗಿ ಕೂತು ಬಳೆ ಸಡಿಲಿಸಿದೆ. ಎದುರಿಗಿದ್ದ ಅಜ್ಜ ಪೇಪರನ್ನು ಅಗಲವಾಗಿ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದರು. ವಾಡಿ ಬರುವವರೆಗೂ ಒಂದೇ ಪುಟ ಓದುತ್ತಿದ್ದರು ಪಾಪ.

ಸ್ಟೇಷನ್ನಿಗೆ ಬಂದಿದ್ದ ಅವ್ವ ಮೊದಲು ಮೊಮ್ಮಗಳನ್ನು ನೋಡಲಿಲ್ಲ. ಬಳೆ ಹಿಡಿದು ಜಗ್ಗಿದಳು, ಬಟ್ಟೆಯನ್ನು ಬೆರಳಲ್ಲಿ ಉಜ್ಜಿದಳು, ಮಗಳ ಗದ್ದದ ಕೆಳಗೆ ಬೆರಳು ಇಟ್ಟಳು. "ಎಷ್ಟ್ ಕೊಟ್ಟಿ?" ಅಂದಳು. ಎರಡೂವರೆ ಸಾವಿರ ಅಂದೆ. "ನಂದೊಂದು ಹಳೀ ಸೀರಿ ಇತ್ತಲ್ಲ, ಅದೇನ್ ಮಾಡ್ದಿ?"

ಅಕ್ಕಿಯ ಸಂಗತಿ ಹೇಳಿದೆ. ಸೇಡಂ ಬಸ್ಸು ಸಿಗುವವರೆಗೂ ನಗುತ್ತಲೇ ಇದ್ದಳು.